ತಲೆಕೆಳಗಾದ ತ್ರಿಕೋನ

ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯಲು ಕೂತವರು ಬರೆಯುವ ಮೊದಲ ಪ್ರೋಗ್ರಾಂ ಸಾಮಾನ್ಯವಾಗಿ ಒಂದು ತ್ರಿಕೋನದ್ದು. ಮೂರು ಬಿಂದು ಗುರುತಿಸಿ, ನಡುವೆ ಬಣ್ಣ ತುಂಬಿದರೆ ಮುಗಿಯಿತು. ತುದಿಯ ಬಿಂದುವಿಗೆ ಎತ್ತರ 0.5 ಎಂದೂ ಬುಡದ ಎರಡು ಬಿಂದುಗಳಿಗೆ ಮೈನಸ್ 0.5 ಎಂದೂ ಕೊಡುತ್ತೇವೆ. ಓಪನ್‌ಜಿಎಲ್ ಎಂಬ ವ್ಯವಸ್ಥೆಗೆ ಈ ಅಂಕಿಗಳನ್ನು ಕೊಟ್ಟರೆ ಗೋಪುರದ ಹಾಗೆ ತುದಿ ಮೇಲಾಗಿ ನಿಂತ ತ್ರಿಕೋನ ಮೂಡುತ್ತದೆ. ಅವೇ ಅಂಕಿಗಳನ್ನು ವಲ್ಕನ್ ಎಂಬ ಇನ್ನೊಂದು ವ್ಯವಸ್ಥೆಗೆ ಕೊಟ್ಟರೆ ತ್ರಿಕೋನ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಅದೇ, ಪರದೆ ಅದೇ, ಅಂಕಿಗಳೂ ಅವೇ.

ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಶಾಲೆಯ ಗ್ರಾಫ್ ಹಾಳೆಯಲ್ಲಿ ಮೇಲಕ್ಕೆ ಹೋದಂತೆ ಅಂಕಿ ಹೆಚ್ಚುತ್ತದೆ. ಓಪನ್‌ಜಿಎಲ್ ಆ ಪದ್ಧತಿ ಹಿಡಿಯಿತು. ಪುಸ್ತಕದ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಸಾಲುಗಳನ್ನು ಎಣಿಸುತ್ತೇವೆ. ವಲ್ಕನ್ ಈ ಪದ್ಧತಿ ಹಿಡಿಯಿತು. ಎರಡೂ ಸರಿ, ಆದರೆ ಎರಡೂ ಒಂದೇ ಅಲ್ಲ.

ಕಣ್ಣಿಗೆ ರಾಚುವ ಇಂಥ ವ್ಯತ್ಯಾಸ ಮೊದಲ ದಿನವೇ ಸಿಕ್ಕಿಬೀಳುತ್ತದೆ. ಆಳದ ಲೆಕ್ಕದಲ್ಲಿರುವ ವ್ಯತ್ಯಾಸ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಯಾವ ವಸ್ತು ಮುಂದಿದೆ, ಯಾವುದು ಅದರ ಹಿಂದೆ ಮರೆಯಾಗಿದೆ ಎಂದು ತೀರ್ಮಾನಿಸಲು ಚಿತ್ರದ ಪ್ರತಿ ಚುಕ್ಕೆಗೂ ಒಂದು ಆಳದ ಅಂಕಿ ಇರುತ್ತದೆ. ಓಪನ್‌ಜಿಎಲ್ ಅದನ್ನು ಮೈನಸ್ 1ರಿಂದ 1ರವರೆಗೆ ಅಳೆಯುತ್ತದೆ. ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ, ಆಪಲ್‌ನ ಮೆಟಲ್ ಮತ್ತು ವಲ್ಕನ್ ಮೂರೂ ಸೊನ್ನೆಯಿಂದ 1ರವರೆಗೆ ಅಳೆಯುತ್ತವೆ. ಓಪನ್‌ಜಿಎಲ್‌ಗೆ ಬರೆದ ಲೆಕ್ಕವನ್ನು ಹಾಗೇ ತಂದು ಉಳಿದವುಗಳಲ್ಲಿ ಓಡಿಸಿದರೆ, ಸೊನ್ನೆಗಿಂತ ಕಡಿಮೆ ಬಂದದ್ದನ್ನೆಲ್ಲ ಅವು 'ಚೌಕಟ್ಟಿನ ಆಚೆಯದು' ಎಂದು ಕತ್ತರಿಸಿ ಎಸೆಯುತ್ತವೆ. ಅರ್ಧ ಚಿತ್ರವೇ ಮಾಯವಾಗಬೇಕಲ್ಲವೇ ಎನಿಸಬಹುದು. ಆಗುವುದಿಲ್ಲ. ದೂರದ ವಸ್ತು ಚಿಕ್ಕದಾಗಿ ಕಾಣುವಂತೆ ಮಾಡುವ ಗಣಿತದಲ್ಲಿ ಆಳದ ಅಂಕಿಗಳು ಸಮನಾಗಿ ಹಂಚಿಹೋಗಿರುವುದಿಲ್ಲ, ಹೆಚ್ಚಿನವು ಕಣ್ಣಿನ ಹತ್ತಿರದ ಜಾಗಕ್ಕೇ ಖರ್ಚಾಗಿರುತ್ತವೆ. ದೃಶ್ಯ ಕಣ್ಣಿನಿಂದ 10 ಸೆಂಟಿಮೀಟರ್ ದೂರದಿಂದ ಶುರುವಾಗುತ್ತದೆ ಎಂದಿಟ್ಟುಕೊಂಡರೆ, ಕಾಣೆಯಾಗುವುದು ಹೆಚ್ಚುಕಡಿಮೆ 10ರಿಂದ 20 ಸೆಂಟಿಮೀಟರಿನೊಳಗೆ ಇರುವುದು ಮಾತ್ರ. ಗುಡ್ಡ, ಮರ, ಮನೆ, ಮನುಷ್ಯರು ಎಲ್ಲ ಸರಿಯಾಗಿಯೇ ಕಾಣುತ್ತಾರೆ. ಆಟದ ನಾಯಕ ಕೈಯಲ್ಲಿದ್ದುದನ್ನು ಮುಖದ ಹತ್ತಿರ ತಂದಾಗ ಮಾತ್ರ ಅದು ಥಟ್ಟನೆ ಇಲ್ಲವಾಗುತ್ತದೆ. ಇಂಥ ದೋಷವನ್ನು ಹುಡುಕಲು ವಾರಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ.

ಒಂದು ಕಡೆ ಬರೆದ ಪ್ರೋಗ್ರಾಂ ಇನ್ನೊಂದು ಕಡೆ ನಡೆಯುವುದು ಏಕೆ ಇಷ್ಟು ಕಷ್ಟ, ಅದನ್ನು ನಡೆಸಲು ಯಾರು ಏನು ಮಾಡುತ್ತಿದ್ದಾರೆ ಎಂಬುದು ಈ ಲೇಖನದ ವಿಷಯ. ಆಟದ ಚಿತ್ರಗಳಿಂದ ಶುರುವಾದ ಈ ಪ್ರಶ್ನೆ ಈಗ ಹವಾಮಾನದ ಮುನ್ಸೂಚನೆ, ಔಷಧ ಸಂಶೋಧನೆ, ಕೃತಕ ಬುದ್ಧಿಮತ್ತೆಯವರೆಗೆ ಬಂದು ಮುಟ್ಟಿದೆ.

ಮೊದಲು ಯಂತ್ರದ ಮಾತು. ಇಂದಿನ ಸಾಧಾರಣ ಮೊಬೈಲ್ ಪರದೆಯಲ್ಲಿ ಅಡ್ಡಕ್ಕೆ 1080, ಉದ್ದಕ್ಕೆ 2400 ಚುಕ್ಕೆಗಳಿವೆ ಎನ್ನಿ. ಗುಣಿಸಿದರೆ ಸುಮಾರು 26 ಲಕ್ಷ. ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಪ್ರತಿ ಸೆಕೆಂಡಿಗೆ 15 ಕೋಟಿಗೂ ಹೆಚ್ಚು ಸಲ ಚುಕ್ಕೆಯ ಬಣ್ಣ ನಿರ್ಧಾರವಾಗಬೇಕು. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಕೆಲವೇ ಮಂದಿ ಚುರುಕು ಕೆಲಸಗಾರರಿರುವ ಅಂಗಡಿಯಂತೆ. ಅಲ್ಲಿ ಒಂದಾದ ಮೇಲೊಂದು ಕೆಲಸ ಬೇಗ ಬೇಗ ಆಗುತ್ತದೆ. ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯು, ನಾಟಿಗೆ ಇಳಿದ ದೊಡ್ಡ ಆಳುಗುಂಪಿನಂತೆ. ಒಬ್ಬೊಬ್ಬರ ವೇಗ ಸಾಧಾರಣ, ಆದರೆ ಸಾವಿರಾರು ಮಂದಿ ಒಟ್ಟಿಗೇ ಬಗ್ಗಿ ಒಂದೇ ಕೆಲಸ ಮಾಡುತ್ತಾರೆ. ಪ್ರತಿ ಚುಕ್ಕೆಗೆ ಬೇಕಾದ ಲೆಕ್ಕ ಬೇರೆ ಚುಕ್ಕೆಯನ್ನು ಕಾಯಬೇಕಿಲ್ಲವಾದ್ದರಿಂದ ಈ ಏರ್ಪಾಟು ಚಿತ್ರಕ್ಕೆ ಹೇಳಿ ಮಾಡಿಸಿದ್ದು.

ಈ ಗುಂಪಿಗೆ ಯಾವ ಭಾಷೆಯಲ್ಲಿ ಕೆಲಸ ಹೇಳಬೇಕು? ಎನ್ವಿಡಿಯಾ, ಎಎಂಡಿ, ಇಂಟೆಲ್, ಆಪಲ್, ಕ್ವಾಲ್‌ಕಾಮ್ ಹೀಗೆ ಒಬ್ಬೊಬ್ಬರ ಚಿಪ್ಪಿಗೂ ಒಳಗಿನ ಭಾಷೆ ಬೇರೆ. ಒಂದೇ ಕಂಪನಿಯ ಒಂದು ಪೀಳಿಗೆಯ ಚಿಪ್ಪಿಗೂ ಮುಂದಿನ ಪೀಳಿಗೆಯದಕ್ಕೂ ಭಾಷೆ ಬದಲಾಗುತ್ತದೆ. ಆದ್ದರಿಂದ ಪ್ರೋಗ್ರಾಂ ಬರೆಯುವವರು ನೇರವಾಗಿ ಚಿಪ್ಪಿನೊಂದಿಗೆ ಮಾತಾಡುವುದಿಲ್ಲ. 'ಹೀಗೆ ಕೇಳಿದರೆ ಹೀಗೆ ಮಾಡಿಕೊಡಬೇಕು' ಎಂಬ ಒಂದು ಕರಾರುಪತ್ರ ಇರುತ್ತದೆ. ಅದಕ್ಕೆ ಎಪಿಐ ಎನ್ನುತ್ತಾರೆ. ಓಪನ್‌ಜಿಎಲ್, ಡೈರೆಕ್ಟ್3ಡಿ, ಮೆಟಲ್, ವಲ್ಕನ್ ಎಲ್ಲವೂ ಇಂಥ ಕರಾರುಗಳು. ಕರಾರಿನ ಮಾತನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ದುಭಾಷಿ ತಂತ್ರಾಂಶವೇ ಡ್ರೈವರ್. ಅದನ್ನು ಸಾಮಾನ್ಯವಾಗಿ ಚಿಪ್ ಮಾಡಿದ ಕಂಪನಿಯೇ ಬರೆದು ಕೊಡುತ್ತದೆ.

ಕರಾರು ಒಂದೇ ಇದ್ದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಒಂದೇ ಇರಲಿ ಎಂಬ ಆಸೆಯಿಂದಲೇ 1992ರಲ್ಲಿ ಓಪನ್‌ಜಿಎಲ್ ಹುಟ್ಟಿತು. ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ಯಂತ್ರಗಳಿಗೆಂದು ಮಾಡಿಕೊಂಡಿದ್ದ ಐರಿಸ್‌ಜಿಎಲ್ ಎಂಬ ಖಾಸಗಿ ಕರಾರನ್ನು ತಿದ್ದಿ, ಬೇರೆ ಕಂಪನಿಗಳೂ ಕೂತು ತೀರ್ಮಾನಿಸುವ ಒಂದು ಮಂಡಳಿಯ ಕೈಗೆ ಕೊಟ್ಟಿತು. ಆ ಮಂಡಳಿಯಲ್ಲಿ ಮೈಕ್ರೋಸಾಫ್ಟ್ ಕೂಡ ಇತ್ತು. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಆಟ ಓಡಿಸಲು ತನ್ನದೇ ದಾರಿ ಬೇಕೆಂದು ಮೈಕ್ರೋಸಾಫ್ಟ್ 1996ರಲ್ಲಿ ಡೈರೆಕ್ಟ್3ಡಿ ತಂದಿತು. 2003ರಲ್ಲಿ ಮಂಡಳಿಯಿಂದ ಹೊರನಡೆಯಿತು. ಅಷ್ಟರಲ್ಲಿ ಕ್ವೇಕ್ ಆಟದ ಕರ್ತೃ ಜಾನ್ ಕಾರ್ಮ್ಯಾಕ್ ಓಪನ್‌ಜಿಎಲ್ ಪರವಾಗಿ ನಿಂತು, 1997ರ ಜನವರಿಯಲ್ಲಿ ಆ ಆಟದ ಓಪನ್‌ಜಿಎಲ್ ಆವೃತ್ತಿ ಹೊರಬಂದಿತ್ತು. ಆಗ ನಡೆದ ಒಂದು ಸಂಗತಿ ಇಡೀ ಚರಿತ್ರೆಗೆ ಕನ್ನಡಿ ಹಿಡಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಮಾಡುತ್ತಿದ್ದ 3ಡಿಎಫ್‌ಎಕ್ಸ್ ಕಂಪನಿ ಪೂರ್ತಿ ಓಪನ್‌ಜಿಎಲ್ ಡ್ರೈವರ್ ಬರೆಯುವ ಬದಲು, ಕ್ವೇಕ್ ಆಟ ಕೇಳುವ ಕೆಲವೇ ಆಜ್ಞೆಗಳಿಗೆ ಉತ್ತರಿಸುವ ಮಿನಿಜಿಎಲ್ ಎಂಬ ಪುಟ್ಟ ಡ್ರೈವರ್ ಬರೆಯಿತು. ಕರಾರಿನಲ್ಲಿ ಇರುವುದೆಲ್ಲ ಸಿಗುತ್ತದೆ ಎಂದು ನಂಬಿ ಬರೆದ ಇನ್ನೊಂದು ಪ್ರೋಗ್ರಾಂ ಆ ಕಾರ್ಡಿನ ಮೇಲೆ ಬಿದ್ದುಹೋಗುತ್ತಿತ್ತು. ಕಾಗದದ ಮೇಲಿನ ಕರಾರಿಗೂ ಕೈಗೆ ಸಿಗುವ ಡ್ರೈವರಿಗೂ ನಡುವಿನ ಆ ಅಂತರ ಇವತ್ತಿಗೂ ಪೂರ್ತಿ ಮುಚ್ಚಿಲ್ಲ.

ಈ ಅಂತರ ಬೆಳೆಯಲು ಇನ್ನೊಂದು ಕಾರಣ ಶೇಡರ್. ಪ್ರತಿ ಚುಕ್ಕೆಗೆ ಬಣ್ಣ ಹೇಗೆ ಕಟ್ಟಬೇಕು ಎಂದು ಹೇಳುವ ಚಿಕ್ಕ ಪ್ರೋಗ್ರಾಮಿಗೆ ಶೇಡರ್ ಎಂದು ಹೆಸರು. ನೀರಿನ ಮೇಲಿನ ಹೊಳಪು, ಗೋಡೆಯ ನೆರಳು ಎಲ್ಲ ಅದರದೇ ಕೆಲಸ. ಓಪನ್‌ಜಿಎಲ್‌ನಲ್ಲಿ ಶೇಡರನ್ನು ಮೂಲ ಬರಹವಾಗಿಯೇ ಡ್ರೈವರಿನ ಕೈಗೆ ಕೊಡಬೇಕಿತ್ತು. ಅದನ್ನು ಓದಿ ಅರ್ಥಮಾಡಿಕೊಂಡು ಚಿಪ್ಪಿನ ಭಾಷೆಗೆ ಇಳಿಸುವುದು ಒಂದೊಂದು ಕಂಪನಿಯ ಡ್ರೈವರಿನ ಹೊಣೆ. ಒಂದೇ ಕಾಗದವನ್ನು ಹಲವು ಮೇಷ್ಟರ ಕೈಗೆ ಕೊಟ್ಟ ಹಾಗೆ. ಒಬ್ಬರು ಸಣ್ಣ ತಪ್ಪನ್ನು ಮನ್ನಿಸಿ ಮುಂದೆ ಹೋಗುತ್ತಾರೆ, ಇನ್ನೊಬ್ಬರು ಕೆಂಪು ಗೆರೆ ಎಳೆದು ವಾಪಸ್ ಕೊಡುತ್ತಾರೆ. ತಮ್ಮ ಮೇಜಿನ ಮೇಲಿನ ಕಾರ್ಡಿನಲ್ಲಿ ಓಡಿತೆಂದು ಬಿಡುಗಡೆ ಮಾಡಿದ ಪ್ರೋಗ್ರಾಂ ಗ್ರಾಹಕರ ಮನೆಯಲ್ಲಿ ಕಪ್ಪು ಪರದೆ ತೋರಿಸುತ್ತಿದ್ದುದು ಹೀಗೆ.

2013ರಲ್ಲಿ ಎಎಂಡಿ ಮ್ಯಾಂಟಲ್ ಎಂಬ ಹೊಸ ಕರಾರನ್ನು ತಂದಿತು. ಡ್ರೈವರ್ ಊಹೆ ಮಾಡುವುದನ್ನು ಕಡಿಮೆ ಮಾಡಿ, ನೆನಪಿನ ಜಾಗ, ಕೆಲಸದ ಸರದಿ ಎಲ್ಲವನ್ನೂ ಪ್ರೋಗ್ರಾಂ ಬರೆಯುವವರೇ ಬಾಯಿಬಿಟ್ಟು ಹೇಳಬೇಕೆಂಬುದು ಅದರ ತತ್ವ. ಆ ಯೋಚನೆ ಬೇಗ ಹಬ್ಬಿತು. ಆದರೆ ಒಂದಾಗಿ ಅಲ್ಲ, ಮೂರಾಗಿ ಹಬ್ಬಿತು. ಆಪಲ್ 2014ರಲ್ಲಿ ಮೆಟಲ್ ತಂದಿತು. ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರ ಜತೆ ಡೈರೆಕ್ಟ್3ಡಿ 12 ತಂದಿತು. ಎಎಂಡಿ ಕೊಟ್ಟ ಮ್ಯಾಂಟಲ್ ತಳಹದಿಯ ಮೇಲೆ, ಹಲವು ಕಂಪನಿಗಳ ಒಕ್ಕೂಟವಾದ ಕ್ರೋನೋಸ್ ಗ್ರೂಪ್ 2016ರ ಫೆಬ್ರುವರಿಯಲ್ಲಿ ವಲ್ಕನ್ ತಂದಿತು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ವಲ್ಕನ್ ಸಿಗುತ್ತದೆ. ಆಪಲ್ ಅದನ್ನು ತನ್ನ ಯಂತ್ರಗಳಿಗೆ ಸೇರಿಸಲೇ ಇಲ್ಲ. ಅಷ್ಟೇ ಅಲ್ಲ, 2018ರಲ್ಲಿ ಓಪನ್‌ಜಿಎಲ್ ಅನ್ನೂ 'ಇನ್ನು ಮುಂದೆ ಬಳಸಬೇಡಿ' ಎಂಬ ಪಟ್ಟಿಗೆ ಸೇರಿಸಿತು. ಮ್ಯಾಕ್‌ನಲ್ಲಿ ಓಪನ್‌ಜಿಎಲ್ ಇಂದಿಗೂ 2010ರ 4.1 ಆವೃತ್ತಿಯಲ್ಲೇ ನಿಂತಿದೆ.

ಕಂಪನಿಗಳನ್ನು ಬರೀ ಸ್ವಾರ್ಥಿಗಳೆಂದು ಬಿಡುವುದು ಸರಿಯಾಗದು. ಚಿಪ್, ಫೋನ್, ಆಪರೇಟಿಂಗ್ ಸಿಸ್ಟಂ ಮೂರೂ ತನ್ನದೇ ಆಗಿರುವ ಆಪಲ್‌ಗೆ ಹೊಸ ಸೌಲಭ್ಯವೊಂದನ್ನು ಚಿಪ್ಪಿನಲ್ಲಿ ಕೊಟ್ಟ ವರ್ಷವೇ ಕರಾರಿಗೂ ಸೇರಿಸಬೇಕು ಎನಿಸುವುದು ಸಹಜ. ಹತ್ತಾರು ಕಂಪನಿಗಳ ಸಭೆ ಒಪ್ಪುವವರೆಗೆ ಅದು ಕಾಯಬೇಕಿಲ್ಲ. ಒಳ್ಳೆಯ ಕರಾರಿನ ಜತೆಗೆ ಒಳ್ಳೆಯ ಪರಿಕರಗಳನ್ನೂ ಅದು ಕೊಟ್ಟಿದೆ. ಆದರೆ ಆ ಅನುಕೂಲದ ಬೆಲೆಯನ್ನು ತೆರುವವರು ಬೇರೆಯವರು. ಮೂರು ಕಡೆ ಪ್ರೋಗ್ರಾಂ ಓಡಿಸಬೇಕಾದ ಐದಾರು ಜನರ ಪುಟ್ಟ ತಂಡ ಒಂದೇ ಕೆಲಸವನ್ನು ಮೂರು ಸಲ ಮಾಡಬೇಕು, ಇಲ್ಲವೇ ಎರಡು ಕಡೆಯ ಬಳಕೆದಾರರನ್ನು ಕೈಬಿಡಬೇಕು.

ಇಲ್ಲಿಗೆ ಅನುವಾದಕರ ಪ್ರವೇಶವಾಗುತ್ತದೆ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದರ ಅನುಭವ ಆಗಲೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಅದನ್ನು ಯೂನಿಕೋಡಿಗೆ ತರಲು ಪರಿವರ್ತಕಗಳು ಬಂದವು. ಒಂದು ಚಿಹ್ನೆಗೆ ಒಂದು ಅಕ್ಷರ ಎಂದು ಬದಲಿಸುತ್ತ ಹೋದರೆ ಸಾಕೆಂದು ಕಾಣುತ್ತದೆ, ಆದರೆ ಅರ್ಕಾವತ್ತು ಬಂದಲ್ಲಿ ಲೆಕ್ಕ ತಪ್ಪುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಚಿಹ್ನೆ, ಕಣ್ಣಿಗೆ ಕಾಣುವ ಹಾಗೆ, ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ರಕಾರ, ಉಚ್ಚಾರದ ಕ್ರಮದಂತೆ, ಅಕ್ಷರಕ್ಕಿಂತ ಮೊದಲು ಬರಬೇಕು. ಇದನ್ನು ಅರಿಯದ ಪರಿವರ್ತಕ 'ಕಾರ್ಯಕ್ರಮ'ವನ್ನು 'ಕಾಯರ್ಕ್ರಮ' ಮಾಡುತ್ತದೆ. ಒಳ್ಳೆಯ ಪರಿವರ್ತಕ ಚಿಹ್ನೆಗಳನ್ನಷ್ಟೇ ಅಲ್ಲ, ಎರಡೂ ಕಡೆಯ ಕ್ರಮವನ್ನು ತಿಳಿದಿರಬೇಕು.

ಗ್ರಾಫಿಕ್ಸ್ ಕರಾರುಗಳ ನಡುವಿನ ಅನುವಾದವೂ ಹೀಗೆಯೇ. ಕೆಲವು ವ್ಯತ್ಯಾಸಗಳು ಒಂದು ಸಾಲಿನ ಕೆಲಸ. ಆಳದ ಅಂಕಿಗೆ 1 ಕೂಡಿಸಿ 2ರಿಂದ ಭಾಗಿಸಿದರೆ ಮೈನಸ್ 1ರಿಂದ 1ರ ಅಳತೆ ಸೊನ್ನೆಯಿಂದ 1ರ ಅಳತೆಗೆ ಕೂರುತ್ತದೆ. ತಲೆಕೆಳಗಾದ ತ್ರಿಕೋನಕ್ಕೆ ಎತ್ತರದ ಅಂಕಿಯ ಗುರುತು ಬದಲಿಸಿದರಾಯಿತು. ಕೆಲವು ವ್ಯತ್ಯಾಸಗಳಿಗೆ ಹೆಚ್ಚು ದುಡಿಯಬೇಕು. ಬೀಸಣಿಗೆಯ ಕಡ್ಡಿಗಳ ಹಾಗೆ ಒಂದೇ ಬಿಂದುವಿನಿಂದ ಹೊರಡುವ ತ್ರಿಕೋನಗಳ ಸರಣಿಯನ್ನು ವಲ್ಕನ್ ಒಂದೇ ಆಜ್ಞೆಯಲ್ಲಿ ಬರೆಯಬಲ್ಲದು. ಮೆಟಲ್‌ನಲ್ಲಿ ಆ ಆಜ್ಞೆಯೇ ಇಲ್ಲ. ಅನುವಾದಕ ಬೀಸಣಿಗೆಯನ್ನು ಬಿಡಿಸಿ, ಬಿಡಿ ತ್ರಿಕೋನಗಳ ಪಟ್ಟಿಯಾಗಿ ಬರೆದು ಕೊಡಬೇಕು. ಆಕಾರಗಳನ್ನು ಓಟದ ನಡುವೆಯೇ ಹೊಸದಾಗಿ ಹುಟ್ಟಿಸುವ ಜಿಯಾಮೆಟ್ರಿ ಶೇಡರ್ ಎಂಬ ಸೌಲಭ್ಯವೂ ಮೆಟಲ್‌ನಲ್ಲಿಲ್ಲ. ಅಲ್ಲಿ ಅನುವಾದಕರು ಕೈಚೆಲ್ಲುತ್ತಾರೆ, ಇಲ್ಲವೇ ಬಹಳ ಸುತ್ತಿ ಬರುತ್ತಾರೆ.

ಇಂಥ ಅನುವಾದಕಗಳು ಈಗ ನಮ್ಮ ಸುತ್ತ ಸದ್ದಿಲ್ಲದೆ ದುಡಿಯುತ್ತಿವೆ. ವಿಂಡೋಸ್‌ನಲ್ಲಿ ಕ್ರೋಮ್ ಬ್ರೌಸರ್ ತೆರೆದು ಮೂರು ಆಯಾಮದ ನಕ್ಷೆ ನೋಡಿದರೆ, ಪುಟ ಕೇಳುವುದು ಓಪನ್‌ಜಿಎಲ್ ಮನೆತನದ ವೆಬ್‌ಜಿಎಲ್ ಆಜ್ಞೆಗಳನ್ನು. ಗೂಗಲ್ 2010ರಲ್ಲಿ ಪ್ರಕಟಿಸಿದ ಆ್ಯಂಗಲ್ ಎಂಬ ಪದರ ಅವನ್ನು ಡೈರೆಕ್ಟ್3ಡಿಗೆ ತಿರುಗಿಸುತ್ತದೆ. ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ವಲ್ಕನ್ ಮಾತನ್ನು ಮೆಟಲ್‌ಗೆ ತಿರುಗಿಸುವ ಮೋಲ್ಟನ್‌ವಿಕೆ 2018ರ ಫೆಬ್ರುವರಿಯಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಆಟಗಳ ಕಂಪನಿ ವಾಲ್ವ್ ಪ್ರೋಟಾನ್ ಎಂಬ ಕಟ್ಟು ಬಿಡುಗಡೆ ಮಾಡಿತು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಿಂದ ಬೆಳೆದುಬಂದ ವೈನ್, ಡೈರೆಕ್ಟ್3ಡಿ ಆಜ್ಞೆಗಳನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ, ಇವೆಲ್ಲ ಅದರೊಳಗಿವೆ. 2022ರಲ್ಲಿ ಬಂದ ಅದೇ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರ ನಡೆಯುವುದು ಲಿನಕ್ಸ್ ಮೇಲೆ. ಅದರಲ್ಲಿ ಓಡುವ ಸಾವಿರಾರು ಆಟಗಳನ್ನು ಬರೆದವರು ಲಿನಕ್ಸ್ ಅನ್ನು ಕನಸಿನಲ್ಲೂ ನೆನೆದಿರಲಿಲ್ಲ.

ಅನುವಾದಕ್ಕೆ ಖರ್ಚೂ ಇದೆ. ಆಟದಲ್ಲಿ ಹೊಸ ಬಾಗಿಲು ತೆರೆದ ಕ್ಷಣ ಚಿತ್ರ ಅರ್ಧ ಸೆಕೆಂಡ್ ತಡವರಿಸುವುದನ್ನು ಕೆಲವರಾದರೂ ನೋಡಿರುತ್ತಾರೆ. ಬಾಗಿಲಿನಾಚೆಯ ಬೆಳಕಿಗೆ ಬೇಕಾದ ಶೇಡರನ್ನು ಅದೇ ಗಳಿಗೆಯಲ್ಲಿ ಚಿಪ್ಪಿನ ಭಾಷೆಗೆ ಇಳಿಸಬೇಕಾಗಿ ಬಂದಿರುತ್ತದೆ. ನಡುವೆ ಇನ್ನೊಂದು ಅನುವಾದವಿದ್ದರೆ ತಡ ಇನ್ನಷ್ಟು. ಇದನ್ನು ಒಂದಿಷ್ಟು ತಗ್ಗಿಸಲು ವಲ್ಕನ್ ಸ್ಪಿರ್‌ವಿ ಎಂಬ ಮಧ್ಯಂತರ ಭಾಷೆಯನ್ನು ಇಟ್ಟುಕೊಂಡಿದೆ. ಶೇಡರನ್ನು ಮೊದಲೇ ಅರ್ಧ ಬೇಯಿಸಿ ಇಟ್ಟರೆ, ಉಳಿದರ್ಧವನ್ನು ಡ್ರೈವರ್ ಬೇಯಿಸಿದರೆ ಸಾಕು. ಒಂದೇ ಬರಹವನ್ನು ಹಲವರು ಹಲವು ರೀತಿ ಓದುವ ಹಳೆಯ ತೊಂದರೆಯೂ ಬಹಳಷ್ಟು ತಗ್ಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಕೂಡ ಡೈರೆಕ್ಟ್3ಡಿಯ ಮುಂದಿನ ಶೇಡರ್ ಆವೃತ್ತಿಗಳಲ್ಲಿ ಸ್ಪಿರ್‌ವಿಯನ್ನೇ ಬಳಸುವುದಾಗಿ ಪ್ರಕಟಿಸಿತು. ಮೂವತ್ತು ವರ್ಷ ಬೇರೆ ಬೇರೆ ಹರಿದ ಹೊಳೆಗಳು ಒಂದು ಕಡೆಯಾದರೂ ಕೂಡುತ್ತಿವೆ ಎಂಬುದು ಸಂತೋಷದ ಸುದ್ದಿ.

ಕರಾರಿಗೆ ತಕ್ಕಂತೆ ಡ್ರೈವರ್ ನಡೆಯುತ್ತಿದೆಯೇ ಎಂದು ನೋಡುವುದು ಹೇಗೆ? ಕ್ರೋನೋಸ್ ಇದಕ್ಕೆ ದೊಡ್ಡದೊಂದು ಪರೀಕ್ಷಾ ಸರಣಿಯನ್ನು ಇಟ್ಟಿದೆ. ಅದರಲ್ಲಿ ತೇರ್ಗಡೆಯಾಗಿ ಫಲಿತಾಂಶ ಒಪ್ಪಿಸದೆ 'ನಮ್ಮ ಡ್ರೈವರ್ ಕರಾರಿಗೆ ಬದ್ಧ' ಎಂದು ಹೇಳಿಕೊಳ್ಳುವಂತಿಲ್ಲ. ಈ ಪರೀಕ್ಷೆಯ ಬೆಲೆ ಗೊತ್ತಾಗಬೇಕಾದರೆ ಆಪಲ್ ಕಂಪ್ಯೂಟರುಗಳಿಗೆ ಲಿನಕ್ಸ್ ತರಲು ಹೊರಟ ಅಸಾಹಿ ಲಿನಕ್ಸ್ ತಂಡದ ಕೆಲಸ ನೋಡಬೇಕು. ಆಪಲ್‌ನ ಎಂ1 ಚಿಪ್ಪಿಗೆ ಹೊರಗಿನವರು ಡ್ರೈವರ್ ಬರೆಯಲು ಬೇಕಾದ ವಿವರಣೆಯನ್ನು ಯಾರೂ ಕೊಟ್ಟಿರಲಿಲ್ಲ. ಏನು ಕೊಟ್ಟರೆ ಚಿಪ್ ಏನು ಮಾಡುತ್ತದೆ ಎಂದು ಗಮನಿಸುತ್ತ, ಕಗ್ಗಂಟು ಬಿಡಿಸುವ ಹಾಗೆ ಒಳಭಾಷೆಯನ್ನು ಬಿಡಿಸಿ ತಂಡದವರು ಡ್ರೈವರ್ ಬರೆದರು. ಅದು 2024ರ ಫೆಬ್ರುವರಿಯಲ್ಲಿ ಓಪನ್‌ಜಿಎಲ್ 4.6ರ ಪರೀಕ್ಷೆ ದಾಟಿತು. ಚಿಪ್ ತಯಾರಿಸಿದ ಕಂಪನಿಯ ಆಪರೇಟಿಂಗ್ ಸಿಸ್ಟಂ 4.1ರಲ್ಲೇ ನಿಂತಿರುವಾಗ, ಅದೇ ಚಿಪ್ಪಿನ ಮೇಲೆ 4.6 ಓಡುತ್ತಿದೆ. ಚಿಪ್ಪಿಗೆ ಆ ಶಕ್ತಿ ಮೊದಲಿನಿಂದಲೂ ಇತ್ತು. ಅದನ್ನು ಹೊರತೆಗೆಯಲು ಯಾರಾದರೂ ಕೂತು ದುಡಿಯಬೇಕಿತ್ತು, ಅಷ್ಟೆ.

ಇಲ್ಲಿಯವರೆಗೆ ಚಿತ್ರದ ಮಾತಾಯಿತು. ಜಿಪಿಯು ಗುಂಪಿಗೆ ಬಣ್ಣದ ಬದಲು ಬೇರೆ ಲೆಕ್ಕ ಕೊಟ್ಟರೇನು ಎಂಬ ಪ್ರಶ್ನೆಯಿಂದ ಎರಡನೆಯ ಅಧ್ಯಾಯ ಶುರುವಾಯಿತು. ಎನ್ವಿಡಿಯಾ 2006ರ ನವೆಂಬರಿನಲ್ಲಿ ಕುಡಾ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, ಮರುವರ್ಷ ಬಳಕೆಗೆ ಬಿಟ್ಟಿತು. ಅದು ಎನ್ವಿಡಿಯಾ ಕಾರ್ಡುಗಳಿಗೆ ಮಾತ್ರ. ಎಲ್ಲರಿಗೂ ಸಲ್ಲುವ ಒಂದು ಕರಾರು ಬೇಕೆಂದು ಆಪಲ್ ಮುಂದಾಗಿ, ಕ್ರೋನೋಸ್ ಮೂಲಕ 2008ರ ಡಿಸೆಂಬರಿನಲ್ಲಿ ಓಪನ್‌ಸಿಎಲ್ ಬಂತು. ಹತ್ತು ವರ್ಷದ ನಂತರ ಅದೇ ಆಪಲ್ ಓಪನ್‌ಸಿಎಲ್ ಅನ್ನೂ ಓಪನ್‌ಜಿಎಲ್ ಜತೆಗೇ ಕೈಬಿಟ್ಟಿತು. ಕುಡಾ ಮಾತ್ರ ಬೆಳೆಯುತ್ತ ಹೋಯಿತು.

ಮುಕ್ತ ಕರಾರು ಸೋತು ಖಾಸಗಿ ಕರಾರು ಗೆದ್ದದ್ದು ಹೇಗೆ ಎಂಬುದಕ್ಕೆ ಎರಡು ಉತ್ತರಗಳಿವೆ. ಒಂದು, ಲೈಬ್ರರಿಗಳು. ಮ್ಯಾಟ್ರಿಕ್ಸ್ ಗುಣಾಕಾರ, ನ್ಯೂರಲ್ ಜಾಲದ ಲೆಕ್ಕ ಇಂಥವನ್ನು ನುರಿತ ಕೈಗಳು ಮೊದಲೇ ಬರೆದು, ಒಂದೊಂದು ಪೀಳಿಗೆಯ ಚಿಪ್ಪಿಗೂ ಮತ್ತೆ ಮತ್ತೆ ಹದಗೊಳಿಸಿ ಕೊಡುವ ಸಿದ್ಧ ಸಾಮಗ್ರಿ ಅದು. ಎನ್ವಿಡಿಯಾ ಇದರ ಮೇಲೆ ವರ್ಷಾನುಗಟ್ಟಲೆ ದುಡ್ಡು, ಜನ ಎರಡನ್ನೂ ಸುರಿಯಿತು. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ಜಾಲ ತರಬೇತಾದದ್ದು ಎನ್ವಿಡಿಯಾದ ಎರಡು ಆಟದ ಕಾರ್ಡುಗಳ ಮೇಲೆ. ಅದರ ನಂತರ ಬಂದ ಸಂಶೋಧಕರಿಗೆ ಬೇಕಾದದ್ದೆಲ್ಲ ಆ ಕಡೆಯೇ ಸಿದ್ಧವಿತ್ತು.

ಎರಡನೆಯ ಉತ್ತರ ಸೂಕ್ಷ್ಮವಾದದ್ದು. ಲೆಕ್ಕದಲ್ಲಿ 'ಓಡುವುದು' ಬೇರೆ, 'ಚೆನ್ನಾಗಿ ಓಡುವುದು' ಬೇರೆ. ಎನ್ವಿಡಿಯಾ ಚಿಪ್ಪಿನಲ್ಲಿ 32 ಕೆಲಸಗಾರರ ಒಂದು ಸಾಲು ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ. ದತ್ತಾಂಶ ಕೇಂದ್ರಗಳಿಗೆಂದು ಎಎಂಡಿ ಮಾಡುವ ಚಿಪ್ಪುಗಳಲ್ಲಿ ಸಾಲಿಗೆ 64 ಮಂದಿ. ಪ್ರೋಗ್ರಾಮಿನಲ್ಲಿ 32 ಎಂಬ ಅಂಕಿಯನ್ನು ನೇರವಾಗಿ ಬರೆದುಬಿಟ್ಟಿದ್ದರೆ ಎಎಂಡಿಯಲ್ಲಿ ಅರ್ಧ ಸಾಲು ಸುಮ್ಮನೆ ನಿಂತಿರುತ್ತದೆ, ಕೆಲವೊಮ್ಮೆ ಉತ್ತರವೇ ತಪ್ಪಾಗುತ್ತದೆ. ಇಂಥ ವಿವರಗಳನ್ನು ಕರಾರು ಮರೆಮಾಡಿದರೆ ವೇಗ ಹೋಗುತ್ತದೆ, ತೋರಿಸಿದರೆ ಒಂದೊಂದು ಚಿಪ್ಪಿಗೂ ಬೇರೆ ಬೇರೆ ಬರೆಯಬೇಕಾಗುತ್ತದೆ. ಓಪನ್‌ಸಿಎಲ್ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತು.

ಉತ್ತರ ಬದಲಾಗುವ ಮಾತು ಬಂದದ್ದರಿಂದ ಒಂದು ಲೆಕ್ಕ ಮಾಡಿ ನೋಡೋಣ. ಜಿಪಿಯುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ 32 ಬಿಟ್‌ಗಳ ದಶಾಂಶ ಸಂಖ್ಯೆ ಸುಮಾರು ಏಳು ಅಂಕಿಗಳಷ್ಟನ್ನೇ ನಿಖರವಾಗಿ ಹಿಡಿಯಬಲ್ಲದು. 1,67,77,216ರ ನಂತರ ಅದು ಹಿಡಿಯಬಲ್ಲ ಮುಂದಿನ ಸಂಖ್ಯೆ 1,67,77,218. ನಡುವಿನದಕ್ಕೆ ಜಾಗವಿಲ್ಲ. ಈಗ ಮೊದಲ ಸಂಖ್ಯೆಗೆ 1 ಕೂಡಿಸಿ. ಫಲಿತಾಂಶ ಹಿಡಿಯದೆ ಮತ್ತೆ 1,67,77,216ಕ್ಕೇ ಇಳಿಯುತ್ತದೆ. ಇನ್ನೊಂದು 1 ಕೂಡಿಸಿದರೂ ಅಷ್ಟೇ. ಬದಲಿಗೆ ಎರಡು ಒಂದುಗಳನ್ನು ಮೊದಲು ಕೂಡಿಸಿ 2 ಮಾಡಿಕೊಂಡು ಆಮೇಲೆ ಸೇರಿಸಿದರೆ 1,67,77,218 ಬರುತ್ತದೆ. ಮೂರು ಸಂಖ್ಯೆಗಳು ಅವೇ, ಕೂಡಿಸಿದ ಕ್ರಮ ಬೇರೆ, ಉತ್ತರ ಬೇರೆ. ಕೋಟಿಗಟ್ಟಲೆ ಸಂಖ್ಯೆಗಳನ್ನು ಸಾವಿರಾರು ಕೈಗಳು ಹಂಚಿಕೊಂಡು ಕೂಡಿಸುವಾಗ ಕ್ರಮ ಚಿಪ್ಪಿನಿಂದ ಚಿಪ್ಪಿಗೆ ಬದಲಾಗುವುದು ಸಹಜ. ಆದ್ದರಿಂದ ಎರಡು ಯಂತ್ರಗಳ ಉತ್ತರ ಕೊನೆಯ ಅಂಕಿಯವರೆಗೂ ಒಂದೇ ಇರಬೇಕೆಂದು ಹಟ ಹಿಡಿಯುವಂತಿಲ್ಲ. ಎಷ್ಟು ವ್ಯತ್ಯಾಸ ಸಹಿಸಬಹುದು ಎಂದು ವಿಜ್ಞಾನ ಬಲ್ಲವರೇ ಮೊದಲು ನಿರ್ಧರಿಸಬೇಕು. 64 ಬಿಟ್ ಸಂಖ್ಯೆ ಬಳಸಿದರೆ ನಿಖರತೆ ಬಹಳ ಹೆಚ್ಚುತ್ತದೆ, ಆದರೆ ಆಪಲ್‌ನ ಮೆಟಲ್ ಭಾಷೆಯಲ್ಲಿ ಆ ಬಗೆಯ ಸಂಖ್ಯೆಯೇ ಇಲ್ಲ.

ಈ ತೊಡಕುಗಳ ನಡುವೆಯೂ ದಾರಿ ಮಾಡಿಕೊಂಡವರಿದ್ದಾರೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಸಮ್ಮಿಟ್ ಸೂಪರ್‌ಕಂಪ್ಯೂಟರಿನಲ್ಲಿ ಎನ್ವಿಡಿಯಾ ಜಿಪಿಯುಗಳಿದ್ದವು. 2022ರಲ್ಲಿ ಅದೇ ಪ್ರಯೋಗಾಲಯಕ್ಕೆ ಬಂದ ಫ್ರಾಂಟಿಯರ್‌ನಲ್ಲಿರುವುದು ಎಎಂಡಿಯ ಸುಮಾರು 37 ಸಾವಿರ ಜಿಪಿಯುಗಳು. ಆರ್ಗಾನ್ ಪ್ರಯೋಗಾಲಯದ ಅರೋರಾದಲ್ಲಿ ಇಂಟೆಲ್ ಜಿಪಿಯುಗಳಿವೆ. ಒಂದೇ ದೇಶದ ವಿಜ್ಞಾನಿಗಳು, ಸರ್ಕಾರದ ಹಣ, ಮೂರು ಕಂಪನಿಗಳ ಚಿಪ್ಪುಗಳು. ಹವಾಮಾನ, ಪರಮಾಣು, ಖಗೋಳ ವಿಜ್ಞಾನದ ಲಕ್ಷಾಂತರ ಸಾಲುಗಳ ಪ್ರೋಗ್ರಾಂಗಳನ್ನು ಪ್ರತಿ ಸಲ ಹೊಸದಾಗಿ ಬರೆಯುವುದು ಸಾಧ್ಯವಿಲ್ಲವೆಂದು ಅವರು ಮೊದಲೇ ಮನಗಂಡರು. ಸ್ಯಾಂಡಿಯಾ ಪ್ರಯೋಗಾಲಯದ ಕೊಕ್ಕೋಸ್, ಲಾರೆನ್ಸ್ ಲಿವರ್‌ಮೋರ್‌ನ ರಾಜಾ ಎಂಬ ಪದರಗಳು ಹುಟ್ಟಿದ್ದು ಈ ಅಗತ್ಯದಿಂದ. ವಿಜ್ಞಾನಿ 'ಈ ಕೆಲಸವನ್ನು ಇಷ್ಟು ಕೈಗಳಿಗೆ ಹಂಚು' ಎಂದಷ್ಟೇ ಬರೆಯುತ್ತಾರೆ. ಸಾಲಿಗೆ 32 ಮಂದಿಯೋ 64 ಮಂದಿಯೋ ಎಂಬುದನ್ನು ಪದರ ನೋಡಿಕೊಳ್ಳುತ್ತದೆ.

ಎಎಂಡಿ ಇನ್ನೊಂದು ದಾರಿ ಹಿಡಿಯಿತು. ಅದರ ಹಿಪ್ ಎಂಬ ಕರಾರು ಕುಡಾವನ್ನು ಹೆಚ್ಚುಕಡಿಮೆ ಸಾಲುಸಾಲಾಗಿ ಹೋಲುತ್ತದೆ. ಕುಡಾದಲ್ಲಿ ನೆನಪಿನ ಜಾಗ ಕೇಳುವ ಆಜ್ಞೆ 'ಕುಡಾಮ್ಯಾಲಕ್' ಆದರೆ ಇಲ್ಲಿ 'ಹಿಪ್‌ಮ್ಯಾಲಕ್'. ಹಳೆಯ ಪ್ರೋಗ್ರಾಮಿನ ಬಹುಪಾಲನ್ನು ಒಂದು ಪರಿಕರವೇ ಬದಲಿಸಿಕೊಡುತ್ತದೆ, ಉಳಿದ ಅರ್ಕಾವತ್ತುಗಳನ್ನು ಮನುಷ್ಯರು ಸರಿಪಡಿಸಬೇಕು. ಆಜ್ಞೆಗಳ ಹೆಸರು, ಕ್ರಮವನ್ನು ಹೀಗೆ ಹೋಲುವಂತೆ ಮಾಡಬಹುದೇ ಎಂಬ ಕಾನೂನಿನ ಪ್ರಶ್ನೆಯೂ ಇದೆ. ಜಾವಾ ಭಾಷೆಯ ಸುಮಾರು 11,500 ಸಾಲುಗಳ ಘೋಷಣೆಗಳನ್ನು ಗೂಗಲ್ ಆಂಡ್ರಾಯ್ಡ್‌ನಲ್ಲಿ ಬಳಸಿಕೊಂಡದ್ದರ ವಿರುದ್ಧ ಒರಾಕಲ್ ಹೂಡಿದ್ದ ದಾವೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಅದನ್ನು ನ್ಯಾಯೋಚಿತ ಬಳಕೆ ಎಂದು ತೀರ್ಪಿತ್ತಿತು. ಕರಾರಿಗೆ ಹಕ್ಕುಸ್ವಾಮ್ಯ ಇದೆಯೇ ಇಲ್ಲವೇ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು.

ಬ್ರೌಸರಿನೊಳಗೆ ಚಿತ್ರ ಮತ್ತು ಲೆಕ್ಕ ಎರಡಕ್ಕೂ ಒಂದೇ ಬಾಗಿಲು ಮಾಡುವ ವೆಬ್‌ಜಿಪಿಯು ಇತ್ತೀಚಿನ ಪ್ರಯತ್ನ. 2017ರಲ್ಲಿ ಶುರುವಾದ ಕೆಲಸ 2023ರಲ್ಲಿ ಕ್ರೋಮ್‌ಗೆ ಬಂತು. 2025ರಲ್ಲಿ ಸಫಾರಿ, ಫೈರ್‌ಫಾಕ್ಸ್‌ಗಳೂ ಸೇರಿಕೊಂಡವು. ಒಳಗೆ ಅದು ವಿಂಡೋಸ್‌ನಲ್ಲಿ ಡೈರೆಕ್ಟ್3ಡಿ, ಮ್ಯಾಕ್‌ನಲ್ಲಿ ಮೆಟಲ್, ಆಂಡ್ರಾಯ್ಡ್‌ನಲ್ಲಿ ವಲ್ಕನ್ ಬಳಸುತ್ತದೆ. ಮೂರರಲ್ಲೂ ಇರುವುದನ್ನು ಮಾತ್ರ ಕೊಡುತ್ತದೆ, ಆದ್ದರಿಂದ ಯಾವೊಂದರ ಪೂರ್ತಿ ಶಕ್ತಿಯೂ ಸಿಗುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದನ್ನೇ ಮೊದಲು ಹಿಡಿಯಿರಿ ಎಂದು ಹೇಳುತ್ತೇನೆ. ಕಾಲೇಜಿನ ಲ್ಯಾಬಿನಲ್ಲಿ ಯಾವ ಕಂಪನಿಯ ಕಾರ್ಡ್ ಇದೆ ಎಂಬುದು ಆಗ ಅಡ್ಡಿಯಾಗುವುದಿಲ್ಲ.

ನಮ್ಮ ಮಾತಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ ಸಹಸ್ರಟಿ ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕದ ವೇಗ ಹೆಚ್ಚಿಸಲು ಎರಡು ಬಗೆಯ ಚಿಪ್ಪುಗಳಿದ್ದವು: ಎನ್ವಿಡಿಯಾದ ಜಿಪಿಯು ಮತ್ತು ಇಂಟೆಲ್‌ನ ಝಿಯಾನ್ ಫೈ. ಕೆಲವೇ ವರ್ಷಗಳಲ್ಲಿ ಇಂಟೆಲ್ ಝಿಯಾನ್ ಫೈ ಸರಣಿಯನ್ನೇ ನಿಲ್ಲಿಸಿತು. ಆ ಚಿಪ್ಪಿಗೆಂದೇ ಹದಗೊಳಿಸಿ ಬರೆದ ಯಾವುದೇ ಪ್ರೋಗ್ರಾಂ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಅಂದಿನಿಂದ ಮುಂದಿನ ಯಂತ್ರವಿಲ್ಲದ ಪ್ರೋಗ್ರಾಂ ಆಯಿತು. ಈಗ ಕೇಂದ್ರ ಸರ್ಕಾರ 2024ರಲ್ಲಿ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಯೋಜನೆಗೆ ಒಪ್ಪಿಗೆ ಕೊಟ್ಟು, ಸಂಶೋಧಕರಿಗೂ ನವೋದ್ಯಮಗಳಿಗೂ ರಿಯಾಯಿತಿ ದರದಲ್ಲಿ ಜಿಪಿಯು ಒದಗಿಸುತ್ತಿದೆ. ಹೀಗೆ ಒದಗಿಸುವ ಚಿಪ್ಪುಗಳಲ್ಲಿ ಎನ್ವಿಡಿಯಾದವು ಹೆಚ್ಚಿದ್ದರೂ ಎಎಂಡಿ, ಇಂಟೆಲ್ ಚಿಪ್ಪುಗಳೂ ಇವೆ. ಈ ಮೂರೂ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಈ ಕೆಲಸ ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಒಂದೇ ಕರಾರು ಎಲ್ಲರೂ ಒಪ್ಪುವ ದಿನಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ. 1992ರಿಂದ ಆ ದಿನ ಬಂದಿಲ್ಲ, ಬರದಿರಲು ಕಂಪನಿಗಳಿಗೆ ಸಕಾರಣಗಳೂ ಇವೆ. ಆದರೆ ಸಾರ್ವಜನಿಕ ಹಣದಿಂದ ಬರೆಯುವ ಪ್ರೋಗ್ರಾಂ, ಅದು ಮಳೆಯ ಮುನ್ಸೂಚನೆಯದಿರಲಿ, ಕನ್ನಡದ ಮಾತನ್ನು ಬರಹಕ್ಕೆ ಇಳಿಸುವುದಿರಲಿ, ಒಂದೇ ಕಂಪನಿಯ ಚಿಪ್ಪಿಗೆ ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಸಾಧ್ಯ. ಅನುದಾನದ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಪ್ರೋಗ್ರಾಂ ತಿಂಗಳಿಗೊಮ್ಮೆಯಾದರೂ ಇನ್ನೊಂದು ಕಂಪನಿಯ ಯಂತ್ರದಲ್ಲಿ ಓಡಿ ಉತ್ತರ ತಾಳೆಯಾಗಬೇಕು. ಅಲ್ಲಿ ನಿಧಾನವಾಗಿ ಓಡಿದರೂ ಚಿಂತೆಯಿಲ್ಲ. ಅದಕ್ಕೆ ಬೇಕಾದ ಒಂದಿಷ್ಟು ಹಣ, ಒಬ್ಬರ ಕೆಲವು ದಿನಗಳ ದುಡಿಮೆಯನ್ನು ಯೋಜನೆಯ ಲೆಕ್ಕದಲ್ಲಿ ಮೊದಲೇ ತೆಗೆದಿಡಬೇಕು. ಐದು ವರ್ಷದ ನಂತರ ಯಂತ್ರ ಬದಲಾದಾಗ ಮೊದಲ ಬಾರಿಗೆ ಓಡಿಸಿ ನೋಡಿದರೆ, ಬರೆದ ವಿದ್ಯಾರ್ಥಿ ಪಿಎಚ್‌.ಡಿ. ಮುಗಿಸಿ ಯಾವುದೋ ಊರಿನಲ್ಲಿರುತ್ತಾರೆ. ಈಗಲೇ ಓಡಿಸಿದರೆ, ತ್ರಿಕೋನ ತಲೆಕೆಳಗಾಗಿ ಮೂಡಿದ ದಿನ ಅದನ್ನು ತಿರುಗಿಸಬಲ್ಲವರು ಪಕ್ಕದ ಕುರ್ಚಿಯಲ್ಲೇ ಸಿಗುತ್ತಾರೆ.